ಕಹಳೆಗೂ ಕೊರಳಿಗೂ ಸ್ನೇಹ ಕುದುರಿದ್ದು ಹೇಗೆ?

ಪ್ರಶ್ನೆ: ನಮ್ಮ ಕಡೆ ಜಾತ್ರೆಗೆ ಬ್ಯಾಂಡ್ ಸೆಟ್ ಕರೆಸುತ್ತೇವೆ, ಭಜನಾ ಮೇಳವೂ ಇರುತ್ತದೆ. ಆದರೆ ಬ್ಯಾಂಡ್ ನಿಂತ ಮೇಲೆ ಭಜನೆ, ಭಜನೆ ನಿಂತ ಮೇಲೆ ಬ್ಯಾಂಡ್. ಎರಡೂ ಒಂದೇ ಹೊತ್ತಿಗೆ ನಡೆದದ್ದನ್ನು ನಾನು ಕಂಡಿಲ್ಲ. ಮೊನ್ನೆ ಮೊಬೈಲಿಗೆ ಯಾವುದೋ ದೇಶದ ಚರ್ಚಿನ ವಿಡಿಯೊ ಬಂತು. ನೂರಾರು ಜನ ನಿಂತು ಹಾಡುತ್ತಿದ್ದರು, ಅವರ ಹಿಂದೆ ಹಿತ್ತಾಳೆ ಕಹಳೆಗಳ ಸಾಲು. ಹಾಡು ಮಾತ್ರ ಮುಚ್ಚಿಹೋಗಿರಲಿಲ್ಲ! ಈ ಜೋಡಿ ಎಲ್ಲಿ ಶುರುವಾಯಿತು? ನಮ್ಮ ನಾಡಿನಲ್ಲಿ ನಡೆದಿದೆಯೇ? ನಮ್ಮ ಭಜನಾ ಮಂಡಳಿ ಬ್ಯಾಂಡಿನವರ ಜೊತೆ ಹಾಡಬಹುದೇ?
— ಓದುಗರು, ದಢೇಸುಗೂರು, ಸಿಂಧನೂರು ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಹಾಡಬಹುದು. ಹೇಗೆ ಎಂಬುದಕ್ಕೆ ಮಾತ್ರ ನೀವು ಕೊನೆಯವರೆಗೆ ಕಾಯಬೇಕು. ಏಕೆಂದರೆ ಭಜನೆಯವರೂ ಬ್ಯಾಂಡಿನವರೂ ನಮ್ಮಲ್ಲಿ ಪಾಳಿ ಹಚ್ಚಿಕೊಂಡಿರುವುದಕ್ಕೆ ಜಗಳವೋ ಜಂಬವೋ ಕಾರಣವಲ್ಲ. ಕಾರಣ ಇರುವುದು ಕೊಳವೆಯೊಳಗೆ.

ಒಂದು ಕೊಂಬನ್ನು ಕೈಗೆತ್ತಿಕೊಳ್ಳಿ. ಅದರಲ್ಲಿ ಬೆರಳಿಡುವ ತೂತಿಲ್ಲ, ಗುಂಡಿಯಿಲ್ಲ. ಊದುವವನ ತುಟಿ ಅದುರಬೇಕು, ಆ ಅದುರಿಗೆ ಕೊಳವೆಯೊಳಗಿನ ಗಾಳಿ ಓಗೊಡಬೇಕು. ಆದರೆ ಗಾಳಿ ಎಲ್ಲ ಸ್ವರಕ್ಕೂ ಓಗೊಡುವುದಿಲ್ಲ. ಕೆಳಗಿನ ಸ ಬಂತೆಂದರೆ ಮುಂದಿನದು ಅದರ ಮೇಲಿನ ಸ, ಆಮೇಲೆ ಪ, ಮತ್ತೆ ಸ, ಆಮೇಲೆ ಗ, ಪ. ಇನ್ನೂ ಮೇಲಕ್ಕೆ ಹೋದರೆ ಮೆಟ್ಟಿಲುಗಳು ಹತ್ತಿರವಾಗುತ್ತವೆ, ರಿಷಭವೂ ಸಿಗುತ್ತದೆ. ಆದರೆ ಅಲ್ಲಿಗೇರುವಷ್ಟು ತುಟಿಬಲ ಎಲ್ಲರಿಗೂ ಇರುವುದಿಲ್ಲ. ಆಗಸ್ಟ್ 15ಕ್ಕೆ ನಿಮ್ಮ ಶಾಲೆಯ ಹುಡುಗ ಊದುವ ಬ್ಯೂಗಲನ್ನು ಲಕ್ಷ್ಯಗೊಟ್ಟು ಕೇಳಿ. ಸ, ಪ, ಸ, ಗ, ಪ, ಅಷ್ಟರಲ್ಲೇ ಅದರ ಆಸ್ತಿ ಮುಗಿಯಿತು. ಭಜನೆಯ ಪಲ್ಲವಿಯೊಂದನ್ನು ಹಾಡಲು ಇದು ಎಲ್ಲಿ ಸಾಕು? ಮಧ್ಯಮವಿಲ್ಲದೆ, ಧೈವತವಿಲ್ಲದೆ, ನಿಷಾದದಿಂದ ಷಡ್ಜಕ್ಕೆ ಜಾರದೆ ಯಾವ ತತ್ವಪದ ಹಾಡಿಯಾರು?

ಹಾಗಾಗಿ ಲೋಕದಲ್ಲೆಲ್ಲ ಕೊಂಬಿಗೆ ಬೇರೆಯೇ ಕೆಲಸ ಬಿತ್ತು. ಅದು ಕೂಗಬೇಕು, ಕರೆಯಬೇಕು, ಬರುವವರು ಬಂದರೆಂದು ಸಾರಬೇಕು. ನಿಮ್ಮ ಹೊಳೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಸಿಗುವ ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಆನೆ, ಕುದುರೆ, ಕುಣಿಯುವ ಹೆಂಗಳೆಯರ ಜೊತೆಗೆ ವಾದ್ಯದವರೂ ಮೆರವಣಿಗೆ ಹೊರಟಿದ್ದಾರೆ. ವಾದ್ಯ ಅಲ್ಲಿ ರಾಜನ ಬರವನ್ನು ಸಾರುವ ಕೆಲಸಕ್ಕೆ ನಿಂತಿದೆ. ನಿಮ್ಮ ಸೀಮೆಯನ್ನು ಚೆನ್ನಾಗಿ ಬಲ್ಲ ಒಬ್ಬ ಸಾಹೇಬ ಇದನ್ನು ಬರೆದೂ ಇಟ್ಟಿದ್ದಾನೆ. ನಿಜಾಮರ ಪಡೆಯಲ್ಲಿದ್ದು ಲಿಂಗಸುಗೂರಿನಲ್ಲಿ ಕೆಲಸ ಮಾಡಿದ, ಆಮೇಲೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್. ಸುರಪುರದಲ್ಲಿ ಅವನು ಕಟ್ಟಿಸಿದ ಬಂಗಲೆ ಇವತ್ತಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿಗೆ ಭಾರತದ ವಾದ್ಯಗಳ ಸಂಗ್ರಹವೊಂದು ಬಂದಾಗ ಅದರ ವಿವರಪಟ್ಟಿ ಬರೆದುಕೊಟ್ಟವನು ಇವನೇ. ದಖ್ಖನ್ನಿನ ಊರುಗಳಲ್ಲಿ ಕೊಂಬು ಕಾವಲಿನವರ ಕೈಯಲ್ಲಿ, ಮದುವೆ ದಿಬ್ಬಣದಲ್ಲಿ, ಗುಡಿಯ ಮೆರವಣಿಗೆಯಲ್ಲಿ ಇರಲೇಬೇಕಾದ ವಾದ್ಯವಾಗಿತ್ತು ಎಂಬ ವಿವರ ಅದರಲ್ಲಿದೆ. ಟೇಲರ್ ಕಂಡ ಕೊಂಬು ಹಾಡಿನ ಬೆನ್ನಿಗೆ ನಿಲ್ಲುವ ವಾದ್ಯವಲ್ಲ, ಹೊತ್ತು ತಿಳಿಸುವ, ದಾರಿ ಬಿಡಿಸುವ ವಾದ್ಯ.

ಗುಂಪಾಗಿ ಹಾಡುವುದರಲ್ಲಂತೂ ನಿಮ್ಮ ಸೀಮೆ ಯಾರಿಗೂ ಕಡಿಮೆಯಲ್ಲ. ಮುದಗಲ್ಲಿನ ಮೊಹರಮ್ಮಿನಲ್ಲಿ ರಿವಾಯತ್ ಪದ, ಡೊಳ್ಳಿನ ಮೇಳದವರ ಹಾಡು, ಗೀಗೀ ಪದದವರ ಹಿಮ್ಮೇಳ, ಶ್ರಾವಣದ ಭಜನೆ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಈ ಹಾಡಿಗೆಲ್ಲ ಜೊತೆ ಕೊಟ್ಟದ್ದು ಚರ್ಮವಾದ್ಯ, ತಾಳ, ತಂತಿ. ತುಟಿಯಿಂದ ಊದುವ ವಾದ್ಯ ಹಾಡಿನ ಬಾಗಿಲವರೆಗೆ ಬಂತು, ಒಳಗೆ ಬರಲಿಲ್ಲ.

ಒಳಗೆ ಬರಬೇಕಾದರೆ ಕೊಳವೆಯ ಉದ್ದವನ್ನು ಊದುತ್ತಲೇ ಬದಲಾಯಿಸುವ ಉಪಾಯ ಬೇಕಿತ್ತು. 15ನೇ ಶತಮಾನದ ಯುರೋಪಿನಲ್ಲಿ ಅದು ಸಿಕ್ಕಿತು. ಒಂದು ಕೊಳವೆಯ ಮೇಲೆ ಇನ್ನೊಂದು ಕೊಳವೆ ಜಾರುವಂತೆ ಮಾಡಿದರು, ಟ್ರೊಂಬೋನ್ ಹುಟ್ಟಿತು. ಕೈ ಮುಂದಕ್ಕೆ ಚಾಚಿದರೆ ಸ್ವರ ಇಳಿಯುತ್ತದೆ, ಹಿಂದಕ್ಕೆ ಎಳೆದರೆ ಏರುತ್ತದೆ. ಏಳು ನೆಲೆಗಳಲ್ಲಿ ಎಲ್ಲ ಸ್ವರಗಳೂ ದಕ್ಕಿದವು. ಆಗಿನ ಟ್ರೊಂಬೋನಿನ ಬಾಯಿ ಈಗಿನದರಷ್ಟು ಅಗಲವಿರಲಿಲ್ಲ, ಕೊಳವೆಯೂ ಸಪೂರ. ಹಾಗಾಗಿ ದನಿ ಮೆತ್ತಗೆ, ಗಂಡಸಿನ ಕಂಠದ ಪಕ್ಕದಲ್ಲಿಟ್ಟರೆ ಬೇರೆಯೆಂದು ತಿಳಿಯದಷ್ಟು ಹತ್ತಿರ. ಮೇಲಿನ ದನಿಗೆ ಇನ್ನೊಂದು ವಾದ್ಯವಿತ್ತು, ಕಾರ್ನೆಟ್ಟೊ. ಅದನ್ನು ಕಟ್ಟಿಗೆಯಲ್ಲಿ ಕೊರೆದು, ಮೇಲೆ ಚರ್ಮ ಸುತ್ತಿ, ಕೊಳಲಿನಂತೆ ಬೆರಳುತೂತು ಇಡುತ್ತಿದ್ದರು. ಊದುವುದು ಮಾತ್ರ ಕಹಳೆಯಂತೆ ತುಟಿ ಅದುರಿಸಿ. ಮನುಷ್ಯರ ಕಂಠವನ್ನು ಇದರಷ್ಟು ಚೆನ್ನಾಗಿ ಅನುಕರಿಸುವ ವಾದ್ಯ ಇನ್ನೊಂದಿಲ್ಲ ಎಂದು ಆ ಕಾಲದವರ ಹೊಗಳಿಕೆ. ಕಟ್ಟಿಗೆಯದಾದರೂ ಇದು ಹಿತ್ತಾಳೆ ವಾದ್ಯಗಳ ಬಳಗದ್ದೇ. ಪೂರ್ತಿ ಹಿತ್ತಾಳೆಯ ಸ್ಯಾಕ್ಸೊಫೋನ್ ಆ ಬಳಗಕ್ಕೆ ಸೇರುವುದಿಲ್ಲ, ಏಕೆಂದರೆ ಅದರಲ್ಲಿ ಅದುರುವುದು ತುಟಿಯಲ್ಲ, ಶಹನಾಯಿಯ ಹಾಗೆ ಕಡ್ಡಿ. ಬ್ಯಾಂಡಿನವರು ಈ ಕುಲಭೇದವನ್ನೆಲ್ಲ ಎಣಿಸುವುದಿಲ್ಲ, ಅದು ಒಳ್ಳೆಯದೇ.

ಟ್ರೊಂಬೋನ್ ಮತ್ತು ಕಾರ್ನೆಟ್ಟೊ ಹಾಡುಗಾರರ ಜೊತೆ ಕಾಯಂ ಸಂಬಳಕ್ಕೆ ನಿಂತ ಹೆಸರಾಂತ ಜಾಗ ವೆನಿಸಿನ ಸಂತ ಮಾರ್ಕರ ಚರ್ಚು. 1568ರಲ್ಲಿ ಅಲ್ಲಿ ಜಿರೋಲಾಮೊ ದಲ್ಲಾ ಕಾಸಾ ಎಂಬ ಕಾರ್ನೆಟ್ಟೊ ವಾದಕನನ್ನೂ ಅವನ ಸೋದರರನ್ನೂ ನೇಮಿಸಿಕೊಂಡರು. ಚರ್ಚಿನ ಒಳಗೆ ಎದುರುಬದುರು ಅಟ್ಟಗಳಿವೆ. ಈ ಅಟ್ಟದಲ್ಲಿ ಒಂದು ಗುಂಪು, ಆ ಅಟ್ಟದಲ್ಲಿ ಇನ್ನೊಂದು. ಕೆಲವರು ಹಾಡುವವರು, ಕೆಲವರು ಊದುವವರು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರ ಜವಾಬು. ಅಲ್ಲಿ ಆರ್ಗನ್ ನುಡಿಸುತ್ತಿದ್ದ ಜೊವಾನ್ನಿ ಗಾಬ್ರಿಯೇಲಿ 1597ರಲ್ಲಿ ಅಚ್ಚು ಹಾಕಿಸಿದ ಸಂಪುಟದಲ್ಲಿ ಯಾವ ಸಾಲನ್ನು ಯಾವ ವಾದ್ಯ ನುಡಿಸಬೇಕು, ಎಲ್ಲಿ ಮೆಲ್ಲಗೆ, ಎಲ್ಲಿ ಜೋರಾಗಿ ಎಂದು ಗುರುತು ಹಾಕಿದ ರಚನೆಯಿದೆ. ‘ಮೆಲ್ಲಗೆ’ ಎಂದು ಕಹಳೆಯವರಿಗೆ ಬರೆದು ಹೇಳಬೇಕಾಯಿತು ಎಂಬುದನ್ನು ಮರೆಯಬೇಡಿ, ನಿಮ್ಮ ಬ್ಯಾಂಡ್ ಮಾಸ್ಟರ್‌ಗೂ ಹೇಳಬೇಕಾದೀತು.

ವೆನಿಸಿಗೆ ಬಂದು ಗಾಬ್ರಿಯೇಲಿಯ ಕೈಕೆಳಗೆ ಕಲಿತು ಹೋದ ಜರ್ಮನ್ ಹುಡುಗ ಹೈನ್‌ರಿಷ್ ಷೂಟ್ಸ್ 1619ರಲ್ಲಿ ದಾವೀದನ ಕೀರ್ತನೆಗಳನ್ನು ಹಲವು ಗಾಯನಗುಂಪು ಮತ್ತು ಕಹಳೆಗಳಿಗೆ ಬರೆದ. ಅಲ್ಲಿಂದಾಚೆಗೆ ಈ ಜೋಡಿ ಜರ್ಮನ್ ನೆಲದಲ್ಲಿ ಬೇರು ಬಿಟ್ಟಿತು. ಸಂಗೀತಕಾರ ಬಾಖ್‌ನ ಕಾಲಕ್ಕೆ ನಗರಸಭೆಯ ಸಂಬಳದ ವಾದ್ಯಗಾರರೇ ಚರ್ಚಿಗೂ ಬಂದು ನುಡಿಸುತ್ತಿದ್ದರು. ಅವನ ಕೆಲವು ಹಾಡುಗಬ್ಬಗಳಲ್ಲಿ ಟ್ರೊಂಬೋನಿಗೆ ಸ್ವಂತ ಸಾಲೇ ಇಲ್ಲ. ಹಾಡುವವರ ಸಾಲನ್ನೇ ಅಕ್ಷರಶಃ ಹಿಂಬಾಲಿಸಿ, ಅವರ ದನಿಗೆ ದಪ್ಪ ಕೊಟ್ಟು, ತಾನು ಕಾಣಿಸಿಕೊಳ್ಳದೆ ಇರಬೇಕು. ನಿಮ್ಮ ವಿಡಿಯೊದಲ್ಲಿ ಹಾಡು ಮುಚ್ಚಿಹೋಗದೇ ಉಳಿದದ್ದಕ್ಕೆ ಇದೇ ಗುಟ್ಟು. ಕಹಳೆ ಅಲ್ಲಿ ಹಾಡಿನ ಎದುರಾಳಿಯಲ್ಲ, ಹಿಮ್ಮೇಳದ ಇನ್ನೊಂದು ಕೊರಳು.

ಸಾವಿನ ಮನೆಯಲ್ಲೂ ಈ ಜೋಡಿಗೆ ದೊಡ್ಡ ಮರ್ಯಾದೆ ಇತ್ತು. ಮೊರೇವಿಯನ್ ಎಂಬ ಪಂಥದವರು ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ಪೆನ್ಸಿಲ್ವೇನಿಯದ ಬೆತ್ಲೆಹೆಮ್ಮಿನಲ್ಲಿ ನೆಲೆಸಿದರು. 1754ರಿಂದ ಅವರಲ್ಲಿ ಟ್ರೊಂಬೋನ್ ಮೇಳವಿದೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಮೇಳದವರು ಎತ್ತರದ ಜಾಗ ಹತ್ತಿ ಪ್ರಾರ್ಥನಾಗೀತೆಯ ಧಾಟಿ ಊದುತ್ತಿದ್ದರು. ಮದುವೆಯಾದ ಗಂಡಸಿಗೆ ಒಂದು ಧಾಟಿ, ವಿಧವೆಗೆ ಒಂದು, ಮಕ್ಕಳಿಗೆ ಒಂದು. ನಮ್ಮ ಹಳ್ಳಿಗಳಲ್ಲಿ ಹಲಗೆಯ ಪೆಟ್ಟು ಕೇಳಿಯೇ ಮದುವೆಯೋ ಮಣ್ಣೋ ಎಂದು ಹೊಲದಲ್ಲಿದ್ದವರು ಹೇಳುವಂತೆ, ಅವರು ಮಾತಿಲ್ಲದ ಧಾಟಿಯಿಂದಲೇ ಯಾವ ಮನೆಯೆಂದು ಊಹಿಸುತ್ತಿದ್ದರು. ಧಾಟಿಯೇ ಸುದ್ದಿಯಾಗಬೇಕಾದರೆ ಆ ಹಾಡು ಊರಿನ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕಲ್ಲ! ಸಂಗೀತಕಾರ ಬೀಥೋವನ್ 1812ರಲ್ಲಿ ಲಿಂಟ್ಸ್ ಊರಿನ ಹಿರಿಯರ ಹಬ್ಬಕ್ಕೆ ನಾಲ್ಕು ಟ್ರೊಂಬೋನುಗಳಿಗಾಗಿ ಪುಟ್ಟ ಪುಟ್ಟ ರಚನೆ ಮಾಡಿಕೊಟ್ಟಿದ್ದ. 1827ರಲ್ಲಿ ಅವನೇ ಸತ್ತಾಗ ಅವಕ್ಕೆ ಪ್ರಾರ್ಥನೆಯ ಸಾಹಿತ್ಯ ಕೂಡಿಸಿ, ಒಮ್ಮೆ ಟ್ರೊಂಬೋನು, ಒಮ್ಮೆ ಗಂಡಸರ ಹಾಡು, ಹೀಗೆ ಸರದಿಯಲ್ಲಿ ಅವನ ಹೆಣದ ಮುಂದೆ ನಡೆಸಿದರು. ನಿಮ್ಮ ಜಾತ್ರೆಯ ಪಾಳಿಯ ಪದ್ಧತಿಗೆ ಇಂಥ ಹಿರೀಕರೂ ಇದ್ದಾರೆ ಎಂದು ಧಾರಾಳವಾಗಿ ಹೇಳಿಕೊಳ್ಳಬಹುದು.

ಇಷ್ಟಾದರೂ ಇದು ಸಂಬಳದ ಕಲಾವಿದರ ಕಸುಬೇ ಆಗಿತ್ತು. ರೈತರ, ನೇಕಾರರ, ಗಣಿಯವರ ಕೈಗೆ ಕಹಳೆ ಬಂದದ್ದು ಗುಂಡಿಗಳು ಬಂದ ಮೇಲೆ. 1818ರಲ್ಲಿ ಷ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ಪ್ರಷ್ಯದಲ್ಲಿ ಇದರ ಹಕ್ಕುಪತ್ರ ಪಡೆದರು. ಗುಂಡಿ ಒತ್ತಿದರೆ ಗಾಳಿಗೆ ಒಂದು ಸುತ್ತು ಹೆಚ್ಚಿನ ಕೊಳವೆ ತೆರೆದುಕೊಳ್ಳುತ್ತದೆ. ಈಗಿನ ಟ್ರಂಪೆಟ್ಟಿನಲ್ಲಿ ಮೊದಲ ಗುಂಡಿ ಸ್ವರವನ್ನು ಒಂದು ಮನೆ ಇಳಿಸುತ್ತದೆ, ಎರಡನೆಯದು ಅರ್ಧ, ಮೂರನೆಯದು ಒಂದೂವರೆ. ಮೂರನ್ನು ಬೇರೆ ಬೇರೆಯಾಗಿ ಕೂಡಿಸಿ ಒತ್ತಿದರೆ ಕೊಂಬಿನ ಮೆಟ್ಟಿಲುಗಳ ನಡುವಿನ ಸಂದುಗಳೆಲ್ಲ ತುಂಬುತ್ತವೆ. ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಾಗುತ್ತಿದ್ದ ಈ ವಾದ್ಯವನ್ನು ಕಲಿಯಲು ಪಿಟೀಲಿನಷ್ಟು ವರ್ಷಗಳೂ ಬೇಕಿರಲಿಲ್ಲ. ಹಳ್ಳಿಗೊಂದು ಬ್ಯಾಂಡ್ ಹುಟ್ಟಿತು.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇಲ್ಲೇ ಬರುತ್ತದೆ. ಜರ್ಮನಿಯ ಬೀಲೆಫೆಲ್ಡ್ ಹತ್ತಿರದ ಯೊಲೆನ್‌ಬೆಕ್ ಹಳ್ಳಿಯಲ್ಲಿ 1843ರಲ್ಲಿ ಚರ್ಚಿನ ಹುಡುಗರ ಹಿತ್ತಾಳೆ ಮೇಳವೊಂದು ಶುರುವಾಯಿತು. ಆ ಸೀಮೆಯ ಪಾದ್ರಿಗಳಾದ ಕೂಲೊ ತಂದೆ-ಮಗ ಇದನ್ನು ಹಳ್ಳಿ ಹಳ್ಳಿಗೆ ಹಬ್ಬಿಸಿದರು. ಆದರೆ ಒಂದು ತೊಡಕಿತ್ತು. ದಂಡಿನ ಬ್ಯಾಂಡಿನಲ್ಲಿ ಪ್ರತಿ ವಾದ್ಯಕ್ಕೂ ಬೇರೆ ಬರಹ. ಬಿ-ಫ್ಲ್ಯಾಟ್ ಟ್ರಂಪೆಟ್ಟಿನವನ ಕಾಗದದಲ್ಲಿ ‘ಸಿ’ ಎಂದಿದ್ದರೆ ಕೇಳುವ ಸ್ವರ ಬಿ-ಫ್ಲ್ಯಾಟ್. ಇ-ಫ್ಲ್ಯಾಟ್ ವಾದ್ಯದವನ ‘ಸಿ’ ಕೇಳುವುದು ಇ-ಫ್ಲ್ಯಾಟ್ ಆಗಿ. ಹಾಡುವವರ ಪುಸ್ತಕ ತಂದು ಊದುವವರ ಮುಂದಿಟ್ಟರೆ ಎಲ್ಲ ಅಸ್ತವ್ಯಸ್ತ. ಕೂಲೊಗಳು ಹುಡುಗರಿಗೆ ಶುರುವಿನಿಂದಲೇ ಹಾಡುಗಾರರ ಬರಹವನ್ನೇ ಓದಲು ಕಲಿಸಿದರು. ಕೇಳಬೇಕಾದ ಸ್ವರವನ್ನೇ ಕಾಗದದಲ್ಲಿ ಬರೆಯುವುದು. 1881ರಲ್ಲಿ ಬಂದ ಅವರ ಪುಸ್ತಕ ಈ ಕ್ರಮವನ್ನು ನೆಲೆಗೊಳಿಸಿತು. ಅಂದಿನಿಂದ ಹಾಡುವವರೂ ಊದುವವರೂ ಒಂದೇ ಪುಸ್ತಕ ಹಿಡಿದು ಒಂದೇ ಪುಟ ತೆರೆಯಬಹುದಾಯಿತು. ಆರ್ಗನ್ ಕೊಳ್ಳುವ ಶಕ್ತಿ ಇಲ್ಲದ ಹಳ್ಳಿಗೆ, ಬಯಲಲ್ಲಿ ನಡೆಯುವ ಪ್ರಾರ್ಥನೆಗೆ ಇದಕ್ಕಿಂತ ಅನುಕೂಲ ಇನ್ನೇನು? ವೆನಿಸಿನ ವೈಭವ ಒಂದು ತೂಕವಾದರೆ ಈ ಸಣ್ಣ ಬುದ್ಧಿವಂತಿಕೆ ಇನ್ನೊಂದು ತೂಕ ಎಂಬುದು ನನ್ನ ಲೆಕ್ಕ.

ಇಂಗ್ಲೆಂಡಿನದು ಬೇರೆ ಕಥೆ. 1878ರಲ್ಲಿ ಸಾಲ್ಸ್‌ಬರಿಯ ಚಾರ್ಲ್ಸ್ ಫ್ರೈ ಎಂಬ ಕಟ್ಟಡದ ಗುತ್ತಿಗೆದಾರ ಮತ್ತು ಅವನ ಮೂವರು ಮಕ್ಕಳು ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಪಂಗಡದವರ ಬೀದಿ ಪ್ರಾರ್ಥನೆಗೆ ಹಿತ್ತಾಳೆ ವಾದ್ಯ ಹಿಡಿದು ಹೋದರು. ಹಾಡುವವರ ಮೇಲೆ ಪುಂಡರು ಗಲಾಟೆ ಎಬ್ಬಿಸುತ್ತಿದ್ದರು. ಆ ಗದ್ದಲವನ್ನು ಮೀರಿಸಬೇಕಿತ್ತು, ಜೊತೆಗೆ ಹಾಡನ್ನೂ ಹಿಡಿದೆತ್ತಬೇಕಿತ್ತು. ಆ ಪಂಗಡದ ನಾಲ್ವರು 1882ರಲ್ಲಿ ಬೊಂಬಾಯಿಗೆ ಬಂದಿಳಿದು ಬೀದಿಯಲ್ಲಿ ವಾದ್ಯ ಬಾರಿಸಿ ಹಾಡಿದಾಗ ಪೊಲೀಸರು ಹಿಡಿದರು. ಬ್ರಿಟಿಷರ ಆಳ್ವಿಕೆಯಲ್ಲಿ ಬ್ರಿಟಿಷರೇ!

ಇನ್ನು ನಮ್ಮ ನಾಡು. ಹಾಡು ಮತ್ತು ಕಹಳೆ ಒಟ್ಟಿಗೆ ಬರುವ ಯುರೋಪಿನ ರೂಢಿ ದಖ್ಖನ್ನಿನ ಹತ್ತಿರಕ್ಕೆ ಬಂದದ್ದು ಗೋವೆಯ ಪೋರ್ಚುಗೀಸರಿಂದ. 16ನೇ ಶತಮಾನದಲ್ಲೇ ಗೋವೆಯ ಚರ್ಚಿನ ಹಬ್ಬಗಳಲ್ಲಿ ಹಾಡುವ ಹುಡುಗರ ಜೊತೆ ಊದುವ ವಾದ್ಯಗಳಿರುತ್ತಿದ್ದವು. ಅದೇ ಶತಮಾನದಲ್ಲಿ, ಬಿಜಾಪುರದ ಆದಿಲಶಾಹಿಗಳ ಕೈಕೆಳಗಿದ್ದ ನಿಮ್ಮ ಮುದಗಲ್ಲಿನಲ್ಲೂ ಕ್ಯಾಥೋಲಿಕ್ ಸಮುದಾಯ ಹುಟ್ಟಿತು. ಕನ್ನಡ ನಾಡಿನ ಹಳೆಯ ಕ್ರೈಸ್ತ ನೆಲೆಗಳಲ್ಲಿ ಅದೊಂದು. ಗೋವೆಯ ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತವರ ಪೀಳಿಗೆಗಳು ಮುಂದೆ ಸಂಸ್ಥಾನಗಳ ಬ್ಯಾಂಡುಗಳಲ್ಲಿ, ಹೋಟೆಲುಗಳಲ್ಲಿ, ಬೊಂಬಾಯಿಯ ಸಿನಿಮಾ ವಾದ್ಯಮೇಳಗಳಲ್ಲಿ ತುಂಬಿಕೊಂಡರು. ಶಂಕರ್-ಜೈಕಿಶನ್ ಹಾಡುಗಳಿಗೆ ವಾದ್ಯ ಹೊಂದಿಸುತ್ತಿದ್ದ ಸೆಬಾಸ್ಟಿಯನ್ ಡಿಸೋಜ ಗೋವೆಯವರು. ಆ ಹಾಡುಗಳಲ್ಲಿ ಕೋರಸ್ಸು ಏರುತ್ತಿದ್ದಂತೆ ಹಿಂದಿನಿಂದ ಟ್ರಂಪೆಟ್ಟುಗಳು ಎದ್ದು ಬರುತ್ತವಲ್ಲ, ಅದನ್ನು ಕೇಳಿ ಬೆಳೆದವರು ಈ ಜೋಡಿಯನ್ನು ತಿಳಿಯದೆಯೇ ತಲೆದೂಗಿ ಒಪ್ಪಿದ್ದೇವೆ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಗೆ ಬಂದರು. ಅವರಲ್ಲಿ ಹಲವರು ಹಾಡುವ ಮೇಳದ ರುಚಿ ಹತ್ತಿದ್ದ ಜರ್ಮನ್ ಊರುಗಳಿಂದಲೇ ಬಂದವರು. ಹೆರ್ಮನ್ ಮೋಗ್ಲಿಂಗ್ ಮೊದಲಾದವರು ಜರ್ಮನ್ ಧಾಟಿಗಳಿಗೆ ಕನ್ನಡ ಸಾಹಿತ್ಯ ಹೊಂದಿಸಿದರು, ಮಂಗಳೂರಿನ ಅಚ್ಚುಕೂಟದಲ್ಲಿ ಹಾಡಿನ ಪುಸ್ತಕಗಳು ಅಚ್ಚಾದವು. ನಾಲ್ಕು ದನಿಯಲ್ಲಿ ಕೂಡಿ ಹಾಡುವುದು ಕನ್ನಡಕ್ಕೆ ಬಂತು. ಆದರೆ ಜರ್ಮನಿಯ ಹಳ್ಳಿಯಲ್ಲಿ ಹಿತ್ತಾಳೆ ಮೇಳ ಮಾಡುತ್ತಿದ್ದ ಕೆಲಸ ನಮ್ಮಲ್ಲಿ ಬಹುಪಾಲು ಹಾರ್ಮೋನಿಯಂ ಪಾಲಿಗೆ ಬಿತ್ತು. ಒಬ್ಬನೇ ಕೂತು ನುಡಿಸಬಹುದು, ತುಟಿ ಒಡೆಯುವುದಿಲ್ಲ, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗಬಹುದು. ಕರಾವಳಿಯ ಕ್ಯಾಥೋಲಿಕರ ಮದುವೆ, ಹಬ್ಬದ ಮೆರವಣಿಗೆಗಳಲ್ಲಿ ಮಾತ್ರ ಹಿತ್ತಾಳೆ ಬ್ಯಾಂಡಿನ ಸ್ಥಾನ ಇಂದಿಗೂ ಗಟ್ಟಿ.

ನಿಜವಾದ ಕನ್ನಡ ಜೋಡಿ ಕಾಣಬೇಕೆಂದರೆ ಮೈಸೂರಿಗೆ ಹೋಗಬೇಕು. ಹತ್ತನೆಯ ಚಾಮರಾಜ ಒಡೆಯರ ಆಸ್ಥಾನದ ಬಸವಪ್ಪಶಾಸ್ತ್ರಿಗಳು ಸಂಸ್ಥಾನಗೀತೆ ‘ಕಾಯೌ ಶ್ರೀಗೌರಿ’ಯನ್ನು ರಚಿಸಿದರು. ಇಂಗ್ಲೆಂಡಿನ ರಾಷ್ಟ್ರಗೀತೆಯನ್ನು ಬ್ಯಾಂಡ್ ನುಡಿಸುವಾಗ ಎದ್ದು ನಿಲ್ಲುವ ರೂಢಿ ದರಬಾರಿಗೆ ಆಗಲೇ ಬಂದಿತ್ತು. ನಮ್ಮದೂ ಒಂದು ಇರಲಿ ಎಂಬ ಬಯಕೆ ಸಹಜವೇ. ದೇವಿಯನ್ನು ಬೇಡುವ ಪ್ರಾರ್ಥನೆ ಹೀಗೆ ಹಿತ್ತಾಳೆ ಬ್ಯಾಂಡಿನ ಮೇಲೇರಿತು. ಕೊರಳೂ ಹಾಡಿತು, ಕಹಳೆಯೂ ಊದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡ್ ಒಂದು, ಕರ್ನಾಟಕ ಬ್ಯಾಂಡ್ ಒಂದು, ಎರಡು ಮೇಳಗಳು ಬೆಳೆದವು. ಆಟೋ ಷ್ಮಿಟ್ ಎಂಬ ಜರ್ಮನ್ ಬ್ಯಾಂಡ್ ಮಾಸ್ಟರ್ ಇದ್ದರು. ವೀಣೆ ವೆಂಕಟಗಿರಿಯಪ್ಪನವರು ವಾದ್ಯಮೇಳಕ್ಕೆಂದೇ ‘ನಗ್ಮ’ಗಳನ್ನು ರಚಿಸಿದರು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ನಾಗಸ್ವರದವರ ಮಗ ಮುಂದೆ ಕದ್ರಿ ಗೋಪಾಲನಾಥರಾದರು. ಆ ಪರಂಪರೆ ಈಗ ಪೊಲೀಸ್ ಬ್ಯಾಂಡಿನ ಹೆಗಲ ಮೇಲಿದೆ. ದಸರೆಯ ಖಾಸಗಿ ದರಬಾರಿನಲ್ಲಿ ಸಂಸ್ಥಾನಗೀತೆ ಇಂದಿಗೂ ಮೊಳಗುತ್ತದೆ. ಟಿವಿಯಲ್ಲಿ ನೋಡುವಾಗ ವಿವರಣೆಗಾರರು ಮಾತು ನಿಲ್ಲಿಸುವುದಿಲ್ಲ, ನಾವು ದನಿ ಸಣ್ಣ ಮಾಡಿದರೆ ಹಾಡೂ ಹೋಗುತ್ತದೆ. ಏನು ಮಾಡುವುದು!

ಇದಕ್ಕಿಂತ ದೊಡ್ಡ ಉದಾಹರಣೆ ನಾವೆಲ್ಲ ದಿನವೂ ಹಾಡುವುದೇ. ಸ್ವಾತಂತ್ರ್ಯದ ಹೊಸತರಲ್ಲಿ ರಾಷ್ಟ್ರಗೀತೆ ಯಾವುದಾಗಬೇಕೆಂಬ ಚರ್ಚೆಯಲ್ಲಿ ಬ್ಯಾಂಡಿನ ಮಾತು ತುಂಬ ತೂಗಿತು. 1947ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಸಭೆಯಲ್ಲಿ ನಮ್ಮ ರಾಷ್ಟ್ರಗೀತೆಯ ಧಾಟಿ ಕೊಡಿ ಎಂದು ಕೇಳಿದಾಗ ನಿಯೋಗದವರ ಹತ್ತಿರ ಜನಗಣಮನದ ಗ್ರಾಮಫೋನ್ ತಟ್ಟೆ ಇತ್ತು; ವಾದ್ಯಮೇಳ ಅದನ್ನು ನುಡಿಸಿತು, ಮೆಚ್ಚುಗೆಯೂ ಬಂತು. 1948ರ ಆಗಸ್ಟಿನಲ್ಲಿ ನೆಹರೂ ಇದನ್ನು ಸಂವಿಧಾನ ಸಭೆಯಲ್ಲಿ ವಿವರಿಸಿ, ದಂಡಿನ ಬ್ಯಾಂಡಿಗೂ ವಾದ್ಯಮೇಳಕ್ಕೂ ಹೊಂದುವ ಧಾಟಿ ಬೇಕು ಎಂದರು. ವಂದೇ ಮಾತರಂ ಪರವಾಗಿದ್ದ ಗಾಯಕ ಮಾಸ್ಟರ್ ಕೃಷ್ಣರಾವ್ ಸುಮ್ಮನೆ ಕೂರಲಿಲ್ಲ. ಬ್ಯಾಂಡಿಗೆ ಇದೂ ಕೂರುತ್ತದೆ ಎಂದು ತೋರಿಸಲು ಬೊಂಬಾಯಿಯ ಬ್ಯಾಂಡ್ ಮಾಸ್ಟರರ ನೆರವಿನಿಂದ ಅದನ್ನು ಹೊಂದಿಸಿ ದಿಲ್ಲಿಯವರ ಮುಂದೆ ನುಡಿಸಿಯೇ ತೋರಿಸಿದರು. 1950ರ ಜನವರಿ 24ರಂದು ಜನಗಣಮನವೇ ರಾಷ್ಟ್ರಗೀತೆಯೆಂದು ತೀರ್ಮಾನವಾಯಿತು. ಪೂರ್ತಿ ನುಡಿಸಲು ಸುಮಾರು 52 ಸೆಕೆಂಡು. ಲಕ್ಷಾಂತರ ಕೊರಳು ಮತ್ತು ಕಹಳೆ ಒಂದೇ ಧಾಟಿಯಲ್ಲಿ ಸೇರಬಹುದಾದ ಹಾಡೊಂದನ್ನು ಒಂದು ದೇಶ ಹುಡುಕಾಡಿ ಆರಿಸಿಕೊಂಡ ಬಗೆ ಇದು.

ಈಗ ನಿಮ್ಮ ಭಜನಾ ಮಂಡಳಿಗೆ ಬರೋಣ. ನಿಮ್ಮ ಕಡೆ ಮದುವೆಗೆ, ಜಾತ್ರೆಗೆ ಬರುವ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್, ಕ್ಲಾರಿನೆಟ್, ಯೂಫೋನಿಯಂ ಇದ್ದರೆ ಅವು ಬಿ-ಫ್ಲ್ಯಾಟ್ ವಾದ್ಯಗಳು. ಆಲ್ಟೊ ಸ್ಯಾಕ್ಸೊಫೋನ್ ಇ-ಫ್ಲ್ಯಾಟ್. ಹಾರ್ಮೋನಿಯಂ ಮನೆಗಳಲ್ಲಿ ಹೇಳುವುದಾದರೆ ಬಿ-ಫ್ಲ್ಯಾಟ್ ಎಂದರೆ ಕರಿ ಐದು, ಇ-ಫ್ಲ್ಯಾಟ್ ಎಂದರೆ ಕರಿ ಎರಡು. ಭಜನೆಯಲ್ಲಿ ಗಂಡಸರು ಸಾಮಾನ್ಯವಾಗಿ ಕರಿ ಒಂದಕ್ಕೋ ಕರಿ ಎರಡಕ್ಕೋ ಶ್ರುತಿ ಹಿಡಿಯುತ್ತಾರೆ. ನೀವು ಕರಿ ಎರಡಕ್ಕೆ ಹಾಡಿದರೆ ಟ್ರಂಪೆಟ್ಟಿನವನಿಗೆ ಸುಲಭದ ಎಫ್ ಸ್ಕೇಲು, ಒಂದೇ ಒಂದು ಫ್ಲ್ಯಾಟ್. ಆಲ್ಟೊ ಸ್ಯಾಕ್ಸೊಫೋನಿನವನಿಗಂತೂ ಕಲಿತ ಮೊದಲ ಪಾಠದ ಸಿ ಸ್ಕೇಲು. ಕರಿ ಒಂದು ಹಿಡಿದಿರೋ, ಟ್ರಂಪೆಟ್ಟಿಗೆ ಮೂರು ಫ್ಲ್ಯಾಟಿನ ಸ್ಕೇಲು ಬರುತ್ತದೆ. ಚೆನ್ನಾಗಿ ಕಲಿತವನು ನುಡಿಸುತ್ತಾನೆ, ಬರಿಯ ರೂಢಿಯಿಂದ ಕಲಿತವನು ತಡವರಿಸುತ್ತಾನೆ. ಆದ್ದರಿಂದ ಕರಿ ಎರಡು ಹಿಡಿಯಿರಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕೂಲೊಗಳು ಪುಸ್ತಕದಿಂದ ಸಾಧಿಸಿದ್ದನ್ನು ನೀವು ಒಂದು ಮನೆ ಏರಿ ಸಾಧಿಸುತ್ತೀರಿ.

ಎರಡನೆಯ ಮಾತು ಬಿಸಿಲಿನದು. ರಾಯಚೂರು ಸೀಮೆಯ ಏಪ್ರಿಲ್ ಬಿಸಿಲಲ್ಲಿ ಕೊಳವೆಯೊಳಗಿನ ಗಾಳಿ ಕಾದು ಹಿತ್ತಾಳೆ ವಾದ್ಯದ ಶ್ರುತಿ ಏರುತ್ತದೆ. ಹಾರ್ಮೋನಿಯಂ ಕಡ್ಡಿ ಹಾಗೆ ಏರುವುದಿಲ್ಲ. ಬೆಳಿಗ್ಗೆ ಕೂಡಿಸಿಟ್ಟ ಶ್ರುತಿ ಮಧ್ಯಾಹ್ನಕ್ಕೆ ಕಿವಿ ಚುಚ್ಚುತ್ತದೆ. ಟ್ರಂಪೆಟ್ಟಿನಲ್ಲಿ ಶ್ರುತಿ ತಿದ್ದುವ ಜಾರುಕೊಳವೆ ಇದೆ. ಅದನ್ನು ಒಂದಿಷ್ಟು ಹೊರಗೆಳೆದರೆ ಶ್ರುತಿ ಇಳಿಯುತ್ತದೆ. ಹಾಡು ಹಿಡಿಯುವ ಮುಂಚೆ ಪ್ರತಿ ಸಲವೂ ಹಾರ್ಮೋನಿಯಂನಲ್ಲಿ ಸ ಒತ್ತಿ ಹಿಡಿದು ಊದುವವರಿಗೆ ಕೇಳಿಸಿ.

ಮೂರನೆಯದು ಜಾಗ. ದನಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬ್ಯಾಂಡ್ ತೇರಿನ ಮುಂದೆ, ಭಜನೆ ಗುಡಿಯ ಕಟ್ಟೆಯ ಮೇಲೆ, ನಡುವೆ 34 ಮೀಟರ್ ಇದೆ ಎಂದುಕೊಳ್ಳಿ. ಸೆಕೆಂಡಿನ ಹತ್ತನೇ ಒಂದು ಪಾಲು ತಡ. ಸಾವಕಾಶದ ಪದವಾದರೆ ಹೇಗೋ ನಡೆಯುತ್ತದೆ, ಲಯ ಏರಿದ ಭಜನೆಯಲ್ಲಿ ತಾಳ ಚೆದುರಿಹೋಗುತ್ತದೆ. ಪ್ಯಾರಿಸ್ಸಿನಲ್ಲಿ 1837ರಲ್ಲಿ ಬೆರ್ಲಿಯೋಜ್ ಎಂಬ ಸಂಗೀತಕಾರ ತಾನು ರಚಿಸಿದ ಮೃತ್ಯುಪ್ರಾರ್ಥನೆಗೆ ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ಮೇಳ ನಿಲ್ಲಿಸಿದವನು, ಅವು ಕೂಡುವ ಜಾಗದಲ್ಲಿ ಗತಿಯನ್ನು ಬಹಳ ನಿಧಾನಿಸಿದ. ನಿಮಗೆ ಅಂಥ ಹುಚ್ಚು ಬೇಡ. ಊದುವವರನ್ನು ಭಜನೆಯವರ ಹಿಂದೆಯೇ, ಎರಡು ಮೂರು ಮಾರು ಅಂತರದಲ್ಲಿ ನಿಲ್ಲಿಸಿ. ವಾದ್ಯದ ಬಾಯಿ ಹಾಡುವವರ ಬೆನ್ನಿಗೆ ಬೇಡ, ಮೇಲಕ್ಕೋ ಪಕ್ಕಕ್ಕೋ ತಿರುಗಿರಲಿ.

ಗುಂಡಿಯ ವಾದ್ಯದಲ್ಲಿ ಜಾರು ಬರುವುದು ಕಷ್ಟ, ಗಮಕ ತುಂಬಿದ ಪದಗಳಿಗೆ ಕೈ ಹಾಕಬೇಡಿ. ಸ್ವರ ಸ್ವರವಾಗಿ ನಿಲ್ಲುವ, ಎಲ್ಲರಿಗೂ ಬಾಯಿಗೆ ಬರುವ ಪಲ್ಲವಿ ಆರಿಸಿ. ಮೊದಲ ಸಲ ಮುಂದಿನವನು ಒಬ್ಬನೇ ಎತ್ತಲಿ, ಎರಡನೆಯ ಸಲ ಮೇಳ ಹಿಡಿಯಲಿ, ಮೂರನೆಯ ಸಲಕ್ಕೆ ಮೇಳದ ಸಾಲನ್ನೇ ಟ್ರಂಪೆಟ್, ಯೂಫೋನಿಯಂ ಮೆಲ್ಲಗೆ ಹಿಂಬಾಲಿಸಲಿ. ತಬಲಾ, ತಾಳ ಸಾಕು. ದೊಡ್ಡ ಡ್ರಮ್ಮಿನವರನ್ನು ಅಷ್ಟು ಹೊತ್ತು ಚಹಾ ಅಂಗಡಿಗೆ ಕಳಿಸಿ, ದುಡ್ಡು ಮಂಡಳಿಯ ಲೆಕ್ಕಕ್ಕೆ ಬರೆಸಿ.